ಮೂರನೇ ಬೆಂಚಿನ ಒಂಬತ್ತು ನಿಮಿಷ

ನಮ್ಮ ಭಾವನಿಗೆ ಮಾತೆಂದರೆ ಅಷ್ಟಕ್ಕಷ್ಟೆ. ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಅಕ್ಕನ ಮದುವೆಯಾದ ಹೊಸದರಲ್ಲಿ ನಾನು ಅವರನ್ನು ಬೆನ್ನ ಹಿಂದೆ ‘ಗೋಡೆ’ ಎಂದು ಕರೆಯುತ್ತಿದ್ದೆ. ಒಮ್ಮೆ ಅದು ಅವರ ಕಿವಿಗೇ ಬಿತ್ತು. “ಗೋಡೆ ಇದ್ರೆ ತಾನೇ ಮನೆ” ಎಂದು ಸುಮ್ಮನಾದರು. ಅವತ್ತಿನಿಂದ ನನಗೆ ಅವರನ್ನು ಕಂಡರೆ ಪ್ರಾಣ. ನಾನೋ, ಹೊಲಿಗೆ ಮಿಷನ್ ರಿಪೇರಿ ಮಾಡುವವನು, ಬಾಯಿಬಡುಕ, ಕೋಪ ಮೂಗಿನ ತುದಿಯಲ್ಲೇ. ಈ ಬಾಯಿಯಿಂದಲೇ ಅವರ ಮನೆ ಹಾಳಾಯಿತು ಎಂದು ಈಗ ಒಪ್ಪಿಕೊಂಡರೆ ಯಾರಿಗೂ ಲಾಭವಿಲ್ಲ. ಆದರೂ ಹೇಳದೆ ಇರಲಾರೆ.

ಭಾವ ನಮ್ಮ ಚರ್ಚನ್ನು ನೋಡಿಕೊಳ್ಳುವವರು. ಮೊದಲು ಬಡಗಿಯಾಗಿದ್ದರು. ಗರಗಸ ಎರಡು ಬೆರಳು ತಿಂದ ಮೇಲೆ ಪಾದ್ರಿಗಳು ಕರೆದು ಈ ಕೆಲಸ ಕೊಟ್ಟರು. ಬೆಳಕು ಹರಿಯುವ ಮುಂಚೆ ಬಾಗಿಲು ತೆಗೆಯುವುದು, ಇಪ್ಪತ್ತೆರಡು ಬೆಂಚು ಒರೆಸುವುದು, ನೆಲಕ್ಕೆ ಬಿದ್ದ ಮೇಣವನ್ನು ಮೊಂಡು ಚಾಕುವಿನಿಂದ ಕೆರೆಯುವುದು, ಗಂಟೆ ಬಾರಿಸುವುದು. ಮಕ್ಕಳಿಗೆಲ್ಲ ಅವರು ‘ಗಂಟೆಮಾಮ’. ಯಾರಾದರೂ ಚಪ್ಪಲಿ ಕಾಲನ್ನು ಬೆಂಚಿನ ಮೇಲೆ ಇಟ್ಟರೆ ಮಾತ್ರ ಗೋಡೆಗೆ ಬಾಯಿ ಬರುತ್ತಿತ್ತು. ಆಗ ಪಾದ್ರಿಗಳನ್ನೂ ಬಿಡುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಇಪ್ಪತ್ತೊಂದು ವರ್ಷದವಳು ಹೆಂಡತಿ ಇರುವ ಒಬ್ಬ ಲಾರಿ ಡ್ರೈವರ್ ಜೊತೆ ಓಡಾಡುತ್ತಿದ್ದಾಳೆ ಎಂದು ಯಾರೋ ಉಪ್ಪು ಖಾರ ಹಚ್ಚಿ ಅಕ್ಕನಿಗೆ ಹೇಳಿದರು. ಅಕ್ಕನ ಕೋಪವೂ ನನ್ನದೇ ಜಾತಿಯದು. ಅಡುಗೆಮನೆಯಲ್ಲಿ ಶುರುವಾದ ಜಗಳ ಬೀದಿ ಬಾಗಿಲಿಗೆ ಬಂತು. “ಹೋಗು! ಸತ್ರೂ ಈ ಮನೆ ಹೊಸಿಲು ತುಳಿಬೇಡ!” ಎಂದಳು ಅಕ್ಕ. ಹುಡುಗಿ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಹೊರಟುಹೋದಳು. ಎರಡು ದಿನ ಬಿಟ್ಟು ನಾನು ಆ ಡ್ರೈವರನ ಮನೆಗೆ ನುಗ್ಗಿದೆ. ಅವನು ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂತಿದ್ದ, ನನ್ನಷ್ಟೇ ಗಾಬರಿಯಾದ. ಅವಳು ಅಲ್ಲಿಗೆ ಹೋಗಿರಲೇ ಇಲ್ಲ. ಎಲ್ಲಿಗೆ ಹೋದಳೋ ಇವತ್ತಿಗೂ ಗೊತ್ತಿಲ್ಲ. ಆರು ವರ್ಷ ಆಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಅವತ್ತಿನಿಂದ ಪ್ರಾರ್ಥನೆ ಮಾಡುವುದನ್ನೇ ಬಿಟ್ಟಳು. ಭಾನುವಾರ ಚರ್ಚಿಗೆ ಬರುತ್ತಾಳೆ, ಎಲ್ಲರೂ ಎದ್ದಾಗ ಏಳುತ್ತಾಳೆ, ಕೂತಾಗ ಕೂರುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ಒಂದು ದಿನ ನನ್ನೆದುರಿಗೇ ಭಾವನಿಗೆ ಹೇಳಿದಳು: “ಈ ಬಾಯಿ ಕೆಟ್ಟುಹೋಯ್ತು ರೀ. ಇದರಿಂದ ಹೊರಟಿದ್ದು ದೇವರ ಹತ್ರ ಹೋಗಲ್ಲ. ಇನ್ಮೇಲೆ ಅವಳು ಬರ್ಲಿ ಅಂತ ನನ್ನ ಪಾಲಿಂದೂ ನೀವೇ ಕೇಳಿ.” ಭಾವ ತಲೆಯಾಡಿಸಿದರು.

ಹಾಗೆ ಶುರುವಾಯಿತು. ದಿನಾ ಬಾಗಿಲು ತೆಗೆದ ಮೇಲೆ, ಗಂಟೆ ಬಾರಿಸುವ ಮುಂಚೆ, ಭಾವ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದರು. ಮನೆಗೆ ಬಂದರೆ ಅಕ್ಕ ಟೀ ಲೋಟ ಹಿಡಿದುಕೊಂಡೇ “ಕೇಳಿದ್ರಾ?” ಅನ್ನುತ್ತಿದ್ದಳು. ಇವರು “ಹೂಂ” ಅನ್ನುತ್ತಿದ್ದರು. ಆ ಒಂದು ‘ಹೂಂ’ ಮೇಲೆ ಅಕ್ಕ ಎರಡು ತುತ್ತು ತಿಂದು, ತಲೆ ಬಾಚಿಕೊಂಡು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸಕ್ಕೆ ಹೋಗುತ್ತಿದ್ದಳು. ಸುಳ್ಳೇಕೆ ಹೇಳಲಿ, ನಾನೂ ಅದರ ಮೇಲೇ ಬದುಕಿದೆ. ಮೊದಮೊದಲು ಅಕ್ಕನ ಮಗಳ ಫೋಟೋ ಜೇಬಿನಲ್ಲಿಟ್ಟುಕೊಂಡು ಬಸ್ ನಿಲ್ದಾಣಗಳನ್ನೆಲ್ಲ ಸುತ್ತುತ್ತಿದ್ದೆ. ಆಮೇಲೆ ಬಿಟ್ಟೆ. ಭಾವ ಕೇಳುತ್ತಿದ್ದಾರಲ್ಲ ಎಂದುಕೊಂಡೆ.

ಹೋದ ಚಳಿಗಾಲದಲ್ಲಿ ಒಬ್ಬ ಹೆಂಗಸು ನಾಲ್ಕು ಜನರನ್ನು ಕಟ್ಟಿಕೊಂಡು ಸಿನಿಮಾ ತೆಗೆಯಲು ಬಂದಳು. ಕಥೆ ಎಂದರೆ ಇಷ್ಟೆ: ಒಬ್ಬ ಪಾದ್ರಿ, ಅವನಿಗೆ ಪ್ರಾರ್ಥನೆಯೇ ಬರದಂತಾಗಿದೆ. ಹೊಸ ಚರ್ಚಿಗೆ ಬರುತ್ತಾನೆ, ನಡೆಯುತ್ತಾನೆ, ಕೂರುತ್ತಾನೆ, ಕಿಟಕಿಯಾಚೆ ನೋಡುತ್ತಾನೆ. ಆ ಹೆಂಗಸು ಒಂದು ಬೆಳಿಗ್ಗೆ ಬೇಗ ಬಂದವಳು ಮೂರನೇ ಬೆಂಚಿನಲ್ಲಿ ಭಾವನನ್ನು ನೋಡಿದಳಂತೆ. “ನೀವು ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ನಾವಿದ್ದೀವಿ ಅನ್ನೋದನ್ನ ಮರೆತುಬಿಡಿ” ಅಂದಳಂತೆ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವುದು ಭಾವನ ಹುಟ್ಟುಗುಣ. ಮರೆತೇಬಿಟ್ಟರು. ಏನು ಮಾಡಿಸಿದರು ಎಂದು ನಾನು ಕೇಳಿದರೆ “ಕೂತಿದ್ದೆ” ಅಂದರು. ನಾನು ಬೀದಿಯಲ್ಲೆಲ್ಲ ನಮ್ಮ ಭಾವ ಹೀರೋ ಎಂದು ಡಂಗುರ ಸಾರಿದೆ.

ಚಿತ್ರ ಮುಗಿದ ಮೇಲೆ ಅದನ್ನು ನಮ್ಮವರಿಗೇ ಮೊದಲು ತೋರಿಸಬೇಕೆಂದು ಪಾದ್ರಿಗಳು ಏರ್ಪಾಡು ಮಾಡಿದರು. ಭಾನುವಾರ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಂಗಣ. ಬೆಳಕು ಬಾರದ ಹಾಗೆ ಹಾಡುವವರ ನಿಲುವಂಗಿಗಳನ್ನೇ ಕಿಟಕಿಗಳಿಗೆ ನೇತುಹಾಕಿದ್ದರು. ಎರಡು ಗಂಟೆಯ ಚಿತ್ರ. ಕಾಲು ಗಂಟೆಯಲ್ಲೇ ಕುರ್ಚಿಗಳು ಕಿರುಗುಟ್ಟತೊಡಗಿದವು. ಔಷಧಿ ಅಂಗಡಿಯವನ ಗೊರಕೆಗೆ ಅವನ ಹೆಂಡತಿ ತಿವಿಯುತ್ತಿದ್ದಳು. ಆಮೇಲೆ ಪರದೆಯ ತುಂಬ ಭಾವನ ಮುಖ ಬಂತು. ಹಿಂದೆ ಮಸುಕಾಗಿ ಕಥೆಯ ಪಾದ್ರಿ ನಿಂತು ಇವರನ್ನು ನೋಡುತ್ತಿದ್ದಾನೆ. ಭಾವ ಕೂತೇ ಇದ್ದಾರೆ. ಕಣ್ಣು ತೆರೆದಿದೆ, ಏನನ್ನೂ ನೋಡುತ್ತಿಲ್ಲ. ಒಂದು ಸಲ ಉಗುಳು ನುಂಗಿದರು. ಬೆಳಕು ನಿಧಾನಕ್ಕೆ ಕೆನ್ನೆಗೆ ಬಂತು. ಅಷ್ಟೆ. ನಾನು ಹೆಮ್ಮೆಯಿಂದ ಪಕ್ಕದವನ ಕಿವಿಯಲ್ಲಿ ‘ನಮ್ಮ ಭಾವ’ ಅಂದೆ.

ದೀಪ ಹಾಕಿದ್ದೇ ತಡ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಿವೃತ್ತ ಹೆಡ್‌ಮಾಸ್ಟರು ಮೊದಲು ಎದ್ದರು. “ಒಂಬತ್ತು ನಿಮಿಷ! ವಾಚು ನೋಡ್ಕೊಂಡಿದ್ದೀನಿ. ಏನಾಯ್ತು? ನೊಣ ಬಂತು, ನೊಣ ಹೋಯ್ತು. ಇದನ್ನ ನೋಡಿ ಯಾರಿಗೆ ನಂಬಿಕೆ ಹುಟ್ಟುತ್ತೆ? ಇದ್ದವರದ್ದೂ ಹೋಗುತ್ತೆ!”

ಹಾಡು ಕಲಿಸುವ ಟೀಚರ್ ಬಿಡಲಿಲ್ಲ. “ದೇವರು ಉತ್ತರ ಕೊಡದೆ ಇರೋ ದಿನಗಳು ನಿಮಗೆ ಬಂದಿಲ್ವಾ ಸಾರ್? ನನಗೆ ಬಂದಿವೆ. ಅದನ್ನ ತೋರಿಸಿದ್ದಾರೆ. ಆ ಮುಖ ನೋಡಿ ನಾನು ಅತ್ತೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ನಾನು ನೋಡಿಲ್ಲ.”

“ಪ್ರಾರ್ಥನೆನಾ ಅದು? ಬಸ್ಸಿಗೆ ಕಾಯ್ತಾ ಕೂತ ಹಾಗಿದೆ!”

ಕೆಲವರು ನಕ್ಕರು. ಮುದುಕಿಯೊಬ್ಬಳು, ಕೊನೆಗೆ ಆ ಪಾದ್ರಿ ಮಂಡಿಯೂರಿ ಅತ್ತಿದ್ದರೆ ಚೆನ್ನಾಗಿರುತ್ತಿತ್ತು ಎಂದಳು. ಔಷಧಿ ಅಂಗಡಿಯವನು, ನಿದ್ದೆಯೂ ದೇವರ ವರವೇ ಎಂದ. ಹೆಡ್‌ಮಾಸ್ಟರು ಮತ್ತೆ ಮತ್ತೆ “ಬಸ್ಸು, ಬಸ್ಸು” ಅನ್ನುತ್ತಿದ್ದರು. ನನ್ನ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಕೂಗಿದೆ: “ಯಾಕ್ ಸಾರ್ ಇಷ್ಟೊಂದು ವಾದ? ಆ ಮನುಷ್ಯ ಇಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳಿ! ಭಾವ, ಎದ್ದೇಳಿ. ಹೇಳಿಬಿಡಿ ಇವರಿಗೆ. ಪ್ರಾರ್ಥನೆ ಮಾಡ್ತಿದ್ರೋ ಇಲ್ವೋ?”

ಎಲ್ಲರೂ ತಿರುಗಿದರು. ಭಾವ ಎದ್ದರು. ಬೆರಳಿಲ್ಲದ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು. ಅಕ್ಕನ ಕಡೆ ಒಮ್ಮೆ ನೋಡಿದರು. “ಮಾಡ್ತಿದ್ದೆ” ಅಂದರು.

ಅರ್ಧ ಸಭೆ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ಟರು ದೊಡ್ಡ ಮನಸ್ಸು ಮಾಡಿ ಬಂದು ಭಾವನ ಕೈ ಕುಲುಕಿದರು. ಟೀಚರ್ ಕಣ್ಣೊರೆಸಿಕೊಂಡರು. ನಾನು ಯುದ್ಧ ಗೆದ್ದವನಂತೆ ಸುತ್ತ ನೋಡಿದೆ. ಅಕ್ಕ ತನ್ನ ಕುರ್ಚಿಯಲ್ಲಿ ಕೂತೇ ಇದ್ದಳು, ಬಿಳಿ ಪರದೆಯನ್ನೇ ನೋಡುತ್ತ. ಅಲ್ಲಿ ಏನೂ ಇರಲಿಲ್ಲ.

ಮನೆಗೆ ಮೂವರೂ ಒಟ್ಟಿಗೆ ನಡೆದೆವು. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಒಳಗೆ ಹೋದ ಮೇಲೆ ಅಕ್ಕ ಸೆರಗನ್ನೂ ಸರಿಮಾಡಿಕೊಳ್ಳದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

“ಮೂವತ್ತು ವರ್ಷ ನಿಮ್ಮ ಪಕ್ಕದಲ್ಲಿ ಮಂಡಿ ಊರಿದ್ದೀನಿ ರೀ” ಅಂದಳು. “ತುಟಿ ಆಡಿಸದೆ ಪ್ರಾರ್ಥನೆ ಮಾಡೋಕೆ ನಿಮಗೆ ಬರಲ್ಲ. ಊಟದ ಮುಂದೆ ಎರಡು ಮಾತು ಹೇಳೋಕೂ ಗುಣುಗುಣು ಅಂತೀರಿ. ಅಲ್ಲಿ ಒಂಬತ್ತು ನಿಮಿಷ ನೋಡಿದೆ. ತುಟಿಪಿಟಕ್ಕೆನ್ನಲಿಲ್ಲ.”

“ಅದು ಸಿನಿಮಾ ಅಕ್ಕ, ಕ್ಯಾಮೆರಾ ಇದ್ರೆ…” ಅಂದೆ ನಾನು.

“ನೀನು ಬಾಯಿ ಮುಚ್ಚು.”

ಭಾವ ಗೋಡೆಗೆ ಒರಗಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು: “ಮೊದಲ ಮಳೆಗಾಲದವರೆಗೆ ಕೇಳಿದೆ. ಆಮೇಲೆ ಒಂದು ದಿನ ಕೂತೆ, ಮಾತೇ ಬರಲಿಲ್ಲ. ನಾಳೆ ಬರುತ್ತೆ ಅಂದ್ಕೊಂಡೆ. ನಾಳೆನೂ ಬರಲಿಲ್ಲ.”

“ಮತ್ತೆ ದಿನಾ ಹೂಂ ಅಂದ್ರಲ್ಲ?”

“ಹೂಂ ಅಂದ್ರೆ ನೀನು ಊಟ ಮಾಡ್ತಿದ್ದೆ.”

ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಮೇಲೆ ಸಿಟ್ಟು ಬರಲಿಲ್ಲ. ಐದು ವರ್ಷ ಒಬ್ಬ ಮನುಷ್ಯ ಬರಿಗೈಯಲ್ಲಿ ಕೂತು ಎದ್ದು ಬಂದು, ಹೆಂಡತಿ ಉಣ್ಣಲಿ ಎಂದು ಒಂದು ಅಕ್ಷರದ ಸುಳ್ಳು ಹೇಳಿದ್ದಾನೆ. ಅದನ್ನು ನಾನು ಇಡೀ ಸಭೆಯ ಎದುರು ಎಳೆದು ಹಾಕಿದ್ದೆ. ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನಿಸಿತು. ಆದರೂ ಸುಮ್ಮನಿರಲು ಆಗಲಿಲ್ಲ.

“ಅಕ್ಕ, ದೇವರಿಗೇನು ಗೊತ್ತಿಲ್ವಾ? ಬಾಯಲ್ಲಿ ಹೇಳದೆ ಇದ್ರೂ ಮನಸ್ಸಲ್ಲಿ ಇರೋದು ಅವನಿಗೆ ಕಾಣುತ್ತೆ. ಭಾವ ಅಲ್ಲಿ ಕೂತಿದ್ದೇ ಸಾಕು.”

ಅಕ್ಕ ನನ್ನನ್ನು ನೋಡಲಿಲ್ಲ. ಭಾವನನ್ನೂ ನೋಡಲಿಲ್ಲ. ತನ್ನ ಅಂಗೈಗಳನ್ನು ಮಡಿಲಿನಲ್ಲಿ ಮಗುಚಿ ಹಾಕಿಕೊಂಡು, ಯಾರೋ ದಾರಿ ಕೇಳಿದರೆ ಹೇಳುವಷ್ಟು ಸಾವಧಾನವಾಗಿ ಹೇಳಿದಳು:

“ಹೋಗುವಾಗ ನಾನು ಬರಬೇಡ ಅಂದೆ. ಇವರು ಬಾ ಅನ್ನಲಿಲ್ಲ. ನೀನು ಹುಡುಕೋದು ಬಿಟ್ಟೆ. ಆರು ವರ್ಷ ಯಾರೂ ಕರೀಲೇ ಇಲ್ವಲ್ಲೋ ಅವಳನ್ನ. ಹೇಗೆ ಬರ್ತಾಳೆ?”