ಈಚಲ ಗರಿಯ ಕರಿ ಚುಕ್ಕಿ

ಮೊದಲೇ ಹೇಳಿಬಿಡುತ್ತೇನೆ: ಕಮಲಾಪುರದ ಮುದುಕನೊಬ್ಬನನ್ನು ಹೆದರಿಸಿದವನು ನಾನೇ, ಅವನಿಗಿಂತ ಹೆಚ್ಚು ಹೆದರಿದವನೂ ನಾನೇ.

ನಿಜಾಮರ ಕಾಲ. ಗಾಜಿಪುರದ ನಮ್ಮ ಪಕ್ಕದ ಮನೆಯಲ್ಲಿ ಗಿಡಮರಗಳ ಶಾಸ್ತ್ರ ಓದಿದ ಮಾಸ್ತರರೊಬ್ಬರಿದ್ದರು. ಕಮಲಾಪುರದ ಈಚಲ ಗರಿಗಳ ಮೇಲೆ ಅವರು ಸಾಸಿವೆಗಿಂತ ಸಣ್ಣ ಕರಿ ಚುಕ್ಕಿಗಳನ್ನು ಕಂಡಿದ್ದರು. ಅದೊಂದು ಬೂಷ್ಟು, ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಜಾತಿ ಎಂಬುದು ಅವರ ಗುಮಾನಿ. ಅದರ ರೂಪ, ಅಳತೆ, ಅದು ವಾಸಿಸುವ ಗಿಡ, ಎಲ್ಲವನ್ನೂ ಬರೆದು ವಿದ್ವಾಂಸರಿಗೆ ಕಳಿಸುವ ಆಸೆ. ಅವರ ಜೊತೆ ಅಲ್ಲಿಗೆ ಹೋಗಿ ಗರಿ ಕೊಯ್ದು ಅರಿವೆಯ ಚೀಲಕ್ಕೆ ತುಂಬಿ ಗುರುತು ಬರೆಯುವುದು ನನ್ನ ಪಾಲಿನ ಕೆಲಸ. ಮಳೆಗೆ ಅಳಿಸದಿರಲೆಂದು, ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜದ ರಸದಲ್ಲಿ ಕಡ್ಡಿ ಅದ್ದಿ ಬರೆಯುತ್ತಿದ್ದೆ.

"ನಮ್ಮ ಗಿಡಕ್ಕ ಏನ್ ರೋಗರೀ ತಮ್ಮಾ ಇದು?" ಎಂದು ಸಿಂದಿ ಇಳಿಸುವ ಮುದುಕ ಕೇಳಿದ.

ಕಂಡವರ ಧ್ವನಿ ಅನುಕರಿಸದೆ ನನ್ನ ಗಂಟಲು ಸುಮ್ಮನಿರುವಂಥದಲ್ಲ. ಪ್ಲೇಗು ಬಂದಾಗ ನಮ್ಮ ಓಣಿಗೆ ಬಂದಿದ್ದ ಡಾಕ್ಟರರ ಮೂಗಿನ ಧ್ವನಿ ತೆಗೆದು, ಕೈಯಲ್ಲಿದ್ದ ಕಡ್ಡಿಯನ್ನೇ ಅವರ ಬೆತ್ತದಂತೆ ಝಳಪಿಸಿದೆ: "ಮುಟ್ಟಿದವರ ಮೈಮ್ಯಾಲ ಏಳತಾವ! ಎದ್ದವರನ್ನ ಊರ ಹೊರಗಿನ ಗುಡಿಸಲಕ್ಕ ಹಾಕ್ರಿ!"

ಸುತ್ತ ನೆರೆದಿದ್ದ ಜನ ನಕ್ಕರು. ಮುದುಕ ನಗಲಿಲ್ಲ. ಮರ ಹತ್ತಲು ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ ನೆಲಕ್ಕಿಟ್ಟ.

ಊರಿಗೆ ಮರಳಿದ ಮೇಲೆ ನನ್ನ ಮುಂಗೈ ತುರಿಸತೊಡಗಿತು. ನೋಡಿದರೆ ಕರಿ ಚುಕ್ಕಿಗಳು, ಸಾಲಾಗಿ, ಸುತ್ತ ಕೆಂಪು ಬಾವು. ಗರಿಯ ಮೇಲಿದ್ದವೇ ಇವು! ಹಿಂದಿನ ಪ್ಲೇಗಿನಲ್ಲಿ ಎದುರು ಮನೆಯವರನ್ನು ತಾಜಸುಲ್ತಾನಪುರದ ಕಡೆಯ ಗುಡಿಸಲುಗಳಿಗೆ ಸಾಗಿಸಿದ್ದರು. ಅವರಲ್ಲಿ ನನ್ನ ಓರಗೆಯವನು ತಿರುಗಿ ಬರಲಿಲ್ಲ. ರೋಗದ ಮನೆಯೆಂದು ಅವನ ಮನೆಯ ಕದಕ್ಕೆ ಬಳಿದ ಸುಣ್ಣದ ಗುರುತು ಇನ್ನೂ ಹಾಗೇ ಇತ್ತು.

ಅಂಗಿಯ ತೋಳು ಇಳಿಸಿಕೊಂಡು ಉಣ್ಣಲು ಕೂತೆ.

"ಇಷ್ಟು ಸೆಕಿಯಾಗ ಅಂಗಿ ತೋಳ ಯಾಕ ಇಳಸೀದಿ?" ಅವ್ವ ರೊಟ್ಟಿ ಹಾಕುತ್ತ ಕೇಳಿದಳು.

ಕಿರಾಣಿ ಸೇಠನ ಧ್ವನಿಯಲ್ಲಿ ಏನಾದರೂ ಹಾರಿಸೋಣವೆಂದು ಬಾಯಿ ತೆರೆದೆ. ಸೇಠ ಬರಲಿಲ್ಲ. ನನ್ನ ಸ್ವಂತ ಧ್ವನಿಯೂ ಬರಲಿಲ್ಲ. ಅವ್ವ ರೊಟ್ಟಿ ಬಿಟ್ಟು ನನ್ನನ್ನೇ ನೋಡಿದಳು. ಅವಳ ಕೈ ನನ್ನತ್ತ ಚಾಚುವುದರೊಳಗೆ ಎದ್ದು ಓಡಿದೆ. ಅವಳನ್ನು ಮುಟ್ಟಿದರೆ?

ಮಾಸ್ತರರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದರು. ಬೂಷ್ಟಿನ ಒಡಲಿನ ಪಾರದರ್ಶಕ ಸಣ್ಣ ಚೀಲಗಳೊಳಗೆ ತೊಗರಿಕಾಯಿಯ ಕಾಳಿನಂತೆ ಬೀಜಗಳು ಕಂಡಿವೆ, ಇದು ಹೊಸ ಜಾತಿಯೇ ಎಂದು ಹಿಗ್ಗಿನಲ್ಲಿದ್ದರು. ನಾನು ದೂರದಲ್ಲೇ ನಿಂತು ತೋಳು ಏರಿಸಿದೆ. ಅವರ ಮುಖದ ನಗು ಮಾಯವಾಯಿತು. ಹತ್ತಿರ ಎಳೆದುಕೊಂಡರು. ಭೂತಗನ್ನಡಿಯಲ್ಲಿ ನೋಡಿದರು, ಮೂಸಿದರು, ಒಂದು ಚುಕ್ಕಿಯ ಸಿಪ್ಪೆ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಆ ಹೊತ್ತು ನಾನು ನಿಂತಲ್ಲಿ ನಿಲ್ಲಲಾರದೆ ಕೋಣೆಯ ಉದ್ದಗಲ ಸುತ್ತುತ್ತಿದ್ದೆ.

"ಕಡ್ಡಿ ಝಳಪಿಸಿದಿಯಲ್ಲ, ಡಾಕ್ಟರ ಸಾಹೇಬಾ," ಎಂದರು ಕೊನೆಗೆ. "ಕೇರಿನ ರಸ ಸಿಡಿದದ. ಸುಟ್ಟದ, ಅಷ್ಟ. ಕೊಬ್ಬರಿ ಎಣ್ಣಿ ಹಚ್ಚು. ನಾಳೆ ಕಮಲಾಪುರಕ್ಕ ಹೋಗಿ ಆ ಮುದುಕನ ಹಗ್ಗ ಅವನ ಸೊಂಟಕ್ಕ ನೀನ ಕಟ್ಟಿ ಬಾ."

ಜೀವ ಬಂತು. ಆದರೂ ಹೆದರಿಕೆ ಪೂರ್ತಿ ಬಿಟ್ಟಿರಲಿಲ್ಲ. "ಖರೇ ಹೇಳ್ರಿ ಸರ, ಆ ಬೂಷ್ಟು ನನ್ನ ಮೈಯಾಗ ಹೊಕ್ಕಿಲ್ಲಲ್ಲ? ಅದು ಎಲ್ಲಿ ವಾಸ ಅದ ಅಂತ ಬರಿಯೂ ಮುಂದ ನನ್ನ ಹೆಸರೂ ಬರೀತೀರೇನು?"

ಅವರು ಲೇಖನಿಯ ತುದಿ ಒರೆಸಿದರು.

"ಈಚಲ ಗಿಡ ಒಂದ ಕಡಿ ಸುಮ್ಮನ ನಿಂದರ್ತದೋ ಹುಚ್ಚಪ್ಪಾ. ನಿನ್ನ ಮ್ಯಾಲ ಕುಂತ್ರ ಆ ಬಡಪಾಯಿ ಬೂಷ್ಟಿಗಿ ಒಂದ ಗಳಿಗಿ ನಿದ್ದಿ ಹತ್ತತದೇನು?"