ಮಾಸ್ತಿ ತಿರುಗಿ ಬಿಟ್ಟ ಐದು ಸೀಸೆಗಳು

ತೆಂಗಿನಗುಂಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಂಚೆ ಎತ್ತಿ ಕಟ್ಟಿದ ಮಾಸ್ತಿ ಮೊಗೇರ ಒದ್ದೆ ಮರಳಿನ ಮೇಲೆ ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಅವರು ಹುಡುಕುವುದು ಬಾಯಿಗೆ ಅರಗು ಮೆತ್ತಿದ, ಒಳಗೊಂದು ಚೀಟಿಯಿರುವ ಗಾಜಿನ ಸೀಸೆಯನ್ನು.

"ಕಂಡ ಕೂಡ್ಲೆ ಮುಟ್ಟೂಕಾಗ. ಮೊದ್ಲು ಅಲ್ಲೊಂದು ಕೋಲು ಹುಗೀಬೇಕು. ಯಾವ ಜಾಗ, ಯಾವ ದಿನ, ಅದೇ ಮುಖ್ಯ ಅಂತೆ" ಎನ್ನುತ್ತಾರೆ.

ಹಿಂದೂ ಮಹಾಸಾಗರವನ್ನು ಅರಿಯಲು ಹತ್ತಾರು ದೇಶಗಳ ಹಡಗುಗಳು ಈಗ, 1964ರಲ್ಲಿ, ಒಟ್ಟಾಗಿ ಓಡಾಡುತ್ತಿವೆ. ನೀರಿನ ಸೆಳೆತ ಎತ್ತ ಎಂದು ತಿಳಿಯಲು ನಡುಗಡಲಲ್ಲಿ ನಂಬರು ಹಾಕಿದ ಸೀಸೆಗಳನ್ನು ಬಿಡುತ್ತಾರೆ. ಅವುಗಳನ್ನು ಹುಡುಕಿಕೊಡುವ ಕೆಲಸ ಐವತ್ತೆರಡರ ಮಾಸ್ತಿಯವರದು. ಬಲೆ ಎಳೆಯುವಾಗ ಭುಜ ಜಾರಿದ ಮೇಲೆ ಅವರು ದೊಡ್ಡ ದೋಣಿ ಹತ್ತಿಲ್ಲ. ದಿನಕ್ಕೆ ನಾಲ್ಕು ಮೈಲಿ ನಡಿಗೆ. ಹದಿನಾಲ್ಕು ತಿಂಗಳಲ್ಲಿ ಸಿಕ್ಕಿದ್ದು ಹತ್ತೊಂಬತ್ತು ಸೀಸೆ.

ಆದರೂ ಅವರ ತಲೆಗೆ ಇದು ಪೂರ್ತಿ ಹತ್ತಿಲ್ಲ. "ನೀರು ಎತ್ತ ಹೋಗ್ತದೆ ಅಂತ ಬಲೆ ಬೀಸುವ ಎಲ್ರಿಗೂ ಗೊತ್ತು. ಅದನ್ನ ಕೇಳೂಕೆ ಅಷ್ಟು ದೂರದಿಂದ ಬರೂದೆಂತಕ್ಕೆ? ರಷ್ಯದವ್ರಿಗೂ ಅಮೆರಿಕದವ್ರಿಗೂ ಆಗೂದಿಲ್ಲ ಅಂತಾರೆ. ನೀರಿನ ವಿಷ್ಯಕ್ಕೆ ಮಾತ್ರ ಒಟ್ಟಿಗೆ ಕೂತಿದಾರೆ. ಎಂತದೋ, ನಂಗೆ ತಿಳೀಲಿಲ್ಲ."

ಇನ್ನೊಂದು ಗೊಂದಲ ಅವರ ನಿದ್ದೆ ಕೆಡಿಸಿತ್ತು. ಕಡಲಿಗೆ ಹರಕೆಯಾಗಿ ಬಿಟ್ಟದ್ದು ದಡಕ್ಕೆ ಬಂದರೆ, ಅದನ್ನು ಮತ್ತೆ ಒಳಗೆ ಒಯ್ದು ಬಿಡುವುದು ಅವರ ಹಿರಿಯರ ಪದ್ಧತಿ. 1962ರ ಮಳೆ ಕಳೆದ ಮೇಲೆ ಒಂದೊಂದಾಗಿ ಐದು ಸೀಸೆಗಳು ಬಂದಾಗ, ಯಾರೋ ಚೀಟಿ ಬರೆದು ಹರಕೆ ಹೊತ್ತಿದ್ದಾರೆಂದೇ ಅವರು ತಿಳಿದರು. ಕುತ್ತಿಗೆಗೆ ಬಲೆಯ ಹುರಿ ಬಿಗಿದು, ಗಂಟಿಗೊಂದು ಹೂ ಸಿಕ್ಕಿಸಿ, ಸಣ್ಣ ಪಾತಿ ದೋಣಿಯಲ್ಲಿ ಕಡಲ ನಡುವಿನ ನೇತ್ರಾಣಿ ಗುಡ್ಡದ ದಿಕ್ಕಿಗೆ ಒಯ್ದು, ಕೈಮುಗಿದು ಬಿಟ್ಟರು.

ಆಮೇಲೆ ಸಂಶೋಧಕರ ಕಡೆಯ ಕಮಲಾಕರ ಕಾರವಾರದಿಂದ ಬಂದು ಕೆಲಸ ವಿವರಿಸಿದರು. ಅವರ ಚೀಲದಿಂದ ಅಂಥದ್ದೇ ಸೀಸೆ ಹೊರಬಂದಾಗ ತಾವು ತಿರುಗಿ ಬಿಟ್ಟದ್ದು ಏನೆಂದು ಮಾಸ್ತಿಯವರಿಗೆ ತಿಳಿಯಿತು. ಅಷ್ಟು ದೇಶದವರ ಕೆಲಸ ತನ್ನಿಂದ ಕೆಟ್ಟಿತೇ? ಹೇಳಿದರೆ ಕೈಗೆ ಬಂದ ಕೆಲಸವೂ ಹೋಗುತ್ತದೆಯೇ? "ಸುಮ್ನಿರಿ, ಕೇಳದವ್ರಿಗೆ ಹೇಳೂದೆಂತಕ್ಕೆ?" ಎಂದರು ಹೆಂಡತಿ ಈರಮ್ಮ. ಎರಡು ತಿಂಗಳು ಮಾಸ್ತಿ ಅದನ್ನು ಮುಚ್ಚಿಟ್ಟರು.

ಒಂದು ಬೆಳಿಗ್ಗೆ ದಡದಲ್ಲಿ ಸಿಕ್ಕ ಸೀಸೆಯ ಕುತ್ತಿಗೆಯಲ್ಲಿ ಅವರದೇ ಗಂಟು ಇತ್ತು. ಹೂ ಹೋಗಿತ್ತು, ಹುರಿ ಉಳಿದಿತ್ತು. ಬಿಚ್ಚಿ ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬಿಚ್ಚೂಕೆ ಕೈ ಹಾಕ್ದೆ. ಆಗ್ಲಿಲ್ಲ. ಕೈಮುಗಿದು ಕಟ್ಟಿದ್ದಲ್ವಾ ಅದು."

ಗಂಟಿನ ಸಮೇತ ಕೊಟ್ಟರು. ಹಡಗಿನಲ್ಲಿ ಯಾರೂ ಹುರಿ ಕಟ್ಟುವುದಿಲ್ಲವಲ್ಲ ಎಂದು ಕಮಲಾಕರ ತಬ್ಬಿಬ್ಬಾದರು. ಮಾಸ್ತಿ ಐದರ ಕಥೆಯನ್ನೂ ಹೇಳಿದರು; ಯಾವ ತಿಥಿ, ಯಾವ ಗಾಳಿ, ಗುಡ್ಡ ಎಷ್ಟು ಕಾಣುತ್ತಿತ್ತು, ಎಲ್ಲವೂ ಬಾಯಲ್ಲೇ ಇತ್ತು. ಕಮಲಾಕರ ಬರೆದು ಕಳಿಸಿದರು. ಮೂರು ತಿಂಗಳು ಮಾಸ್ತಿ ಕಾದರು. ಕೊನೆಗೆ ಬಂದ ಉತ್ತರವನ್ನು ಕಮಲಾಕರ ಓದಿ ಹೇಳಿದರು: "ಆ ಐದು ಸೀಸೆಯ ಲೆಕ್ಕ ಬೇರೆಯಾಗಿ ಇಟ್ಕೊಳ್ತಾರಂತೆ. ನಿಮ್ಮನ್ನ ಕೆಲ್ಸದಿಂದ ಬಿಡಿಸಬಾರದಂತೆ."

ಬೈಯದೆ ಇದ್ದದ್ದು ಯಾಕೆಂದು ಮಾಸ್ತಿಯವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಅವರನ್ನು ಈಗ ಕಾಡುವುದು ಬೇರೆಯೇ. ನೂರು ಬಿಟ್ಟರೆ ಹತ್ತು ಸಿಗುವುದೂ ಕಷ್ಟವೆಂದು ಕಮಲಾಕರ ಹೇಳಿದ್ದಾರೆ. ಹಾಗಾದರೆ ಉಳಿದವು?

"ಆಚೆ ದಡದಲ್ಲೂ ನನ್ನಂಥವ್ರು ಇರ್ಬೇಕು, ಕೈಮುಗಿದು ತಿರುಗಿ ಬಿಟ್ಟಿರ್ತಾರೆ" ಎನ್ನುತ್ತಾರೆ, ಕಣ್ಣು ನೀರಂಚಿನಲ್ಲೇ ಇಟ್ಟು. "ಅಂಥದ್ದೊಂದು ಇಲ್ಲಿಗೆ ಬಂದ್ರೆ ಸಾಕಿತ್ತು. ಚೀಟಿ ಓದೂಕೆ ನಂಗೆ ಬರೂದಿಲ್ಲ. ಗಂಟು ನೋಡಿದ್ರೆ ಗೊತ್ತಾಗ್ತದೆ, ಬಲೆ ಹೆಣೆಯುವ ಕೈ ಹೌದೋ ಅಲ್ವೋ ಅಂತ."