ತಾರಸಿಯ ಕೆಳಗಿನ ಹಗಲು ನಿದ್ದೆ

ನನ್ನ ಹೆಂಡತಿ ನರ್ಸ್. ಹೆಚ್ಚಾಗಿ ಅವಳಿಗೆ ರಾತ್ರಿ ಪಾಳಿ. ನಾನು ಮಂಗಳೂರು ಬಂದರಿನ ಸಗಟು ಮಳಿಗೆಯ ಆಫೀಸಿಗೆ ಹೊರಡುವ ಹೊತ್ತಿಗೆ ಅವಳು ಮನೆಗೆ ಬರುತ್ತಾಳೆ, ಮಿಂದು ಎರಡು ತುತ್ತು ತಿಂದು ಮಲಗುತ್ತಾಳೆ. ಮದುವೆಯಾದಂದಿನಿಂದ ಹೀಗೆಯೇ. ಆದರೂ ಮನೆ ಕಟ್ಟಿಸುವಾಗ, ಈ ಮನೆಯಲ್ಲಿ ಒಬ್ಬರು ಹಗಲು ಹೊತ್ತು ಮಲಗಬೇಕು ಎಂಬ ಮಾತು ನನ್ನ ತಲೆಗೆ ಬರಲೇ ಇಲ್ಲ.

ನನಗೆ ಬೇಕಾಗಿದ್ದದ್ದು ತಾರಸಿ. ನಾನು ಬೆಳೆದದ್ದು ಹೆಂಚಿನ ಬಾಡಿಗೆ ಮನೆಗಳಲ್ಲಿ. ಹೆಂಚು ಜಾರಿದಲ್ಲೆಲ್ಲ ಪಾತ್ರೆ ಇಟ್ಟು ಮಳೆಗಾಲ ಕಳೆದವನಿಗೆ ಕಾಂಕ್ರೀಟಿನ ಚಪ್ಪಟೆ ಛಾವಣಿಯೇ ದೊಡ್ಡಸ್ತಿಕೆ. ಒಂದೇ ಅಂತಸ್ತಿನ ಮನೆ ಆಯಿತು. ಸಂಜೆ ಗೆಳೆಯರನ್ನು ಕರೆದು ಮೇಲೆ ಕುರ್ಚಿ ಹಾಕಿ ಕೂತರೆ ಪಣಂಬೂರಿನ ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. "ಇದಕ್ಕೇ ನಾನು ಮನೆ ಕಟ್ಟಿಸಿದ್ದು" ಎಂದು ಎಷ್ಟು ಸಲ ಹೇಳಿದ್ದೇನೋ.

ಮೊದಲ ಬೇಸಿಗೆಗೇ ತಾರಸಿ ಕಾದ ಕಾವಲಿಯಾಯಿತು. ಮಧ್ಯಾಹ್ನ ಫ್ಯಾನು ಹಾಕಿದರೆ ಬಿಸಿ ಗಾಳಿಯೇ ಮೈಮೇಲೆ. ಏಸಿ ಹಾಕಿಸಿದೆವು. ಹಗಲಿಡೀ ಅದರ ಕೆಳಗೆ ಮಲಗಿದರೆ ಅವಳಿಗೆ ಶೀತ, ತಲೆಭಾರ. ಅಕ್ಕಪಕ್ಕದವರೆಲ್ಲ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದೆಸಿದ್ದರು. ಅದು ನನಗೆ ಇಷ್ಟವಿರಲಿಲ್ಲ. "ಗೋಡೌನಿನ ಹಾಗೆ ಕಾಣ್ತದೆ" ಎಂದು ಮೂಗು ಮುರಿದೆ. ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆಂದು ಅಂಗಡಿಯವರು ಹೇಳಿದ ಬಿಳಿ ಬಣ್ಣ ಬಳಿಸಿದೆ. ಕೆಲವು ತಿಂಗಳು ಒಳ್ಳೆಯದೇ ಆಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಪಾಚಿ ಹಿಡಿದು, ಒಣಗಿ, ಬಿಳಿ ಇದ್ದದ್ದು ಕಪ್ಪಾಯಿತು.

ಆಮೇಲೆ ನನಗೆ ಅದೇ ಒಂದು ಹುಚ್ಚು. ಫೋನಿನಲ್ಲಿ ವಿಡಿಯೋ ನೋಡುವುದು, ಅಂಗಡಿಗಳಿಂದ ಮಾದರಿ ತುಂಡುಗಳನ್ನು ತರುವುದು. ಫೋಮಿನ ಹಲಗೆ, ಬಿಳಿ ಟೈಲ್ಸ್ ಚೂರು, ರಬ್ಬರಿನಂಥ ಹಾಳೆ, ಎಲ್ಲವೂ ಊಟದ ಮೇಜಿನ ಮೇಲೆ. ರಾತ್ರಿಯಿಡೀ ನಿಂತು ದುಡಿದು ಬಂದವಳನ್ನು ಕೂರಿಸಿ ಒಂದೊಂದರ ಗುಣಾವಗುಣ ವಿವರಿಸುತ್ತಿದ್ದೆ. ಅವಳ ಕಣ್ಣು ಎಳೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೂ ಮಾತು ನಿಲ್ಲಿಸುತ್ತಿರಲಿಲ್ಲ. "ನೀವು ನೋಡಿ ಮಾಡಿ" ಎಂದು ಅವಳು ಏಳುತ್ತಿದ್ದಳು. ಅದು ಒಪ್ಪಿಗೆ ಎಂದೇ ನನ್ನ ಲೆಕ್ಕ. ಹೀಗೆ ಇನ್ನೊಂದು ಬೇಸಿಗೆ ಬಂತು. ಆಸ್ಪತ್ರೆಯಲ್ಲಿ ಸ್ಟಾಫ್ ಕಡಿಮೆ, ಡಬಲ್ ಡ್ಯೂಟಿ ಎಂದು ಅವಳು ವಾರದಲ್ಲಿ ಹಲವು ದಿನ ಬೆಳಿಗ್ಗೆಯ ಬದಲು ಸಂಜೆ ಮನೆ ಸೇರತೊಡಗಿದಳು.

ಒಂದು ಶನಿವಾರ ನನಗೆ ಆಫೀಸು ಬೇಗ ಮುಗಿಯಿತು. ಮೀನುಗಾರಿಕೆಯ ದಕ್ಕೆಯಲ್ಲಿ ತಾಜಾ ಬಂಗುಡೆ ಸಿಕ್ಕಿತು, ಅತ್ತೆಗೆ ಇಷ್ಟ ಎಂದು ಕಟ್ಟಿಸಿಕೊಂಡು ಪಂಪ್‌ವೆಲ್ ಹತ್ತಿರದ ಅವರ ಮನೆಗೆ ಹೋದೆ. ಹಳೆಯ ಹೆಂಚಿನ ಮನೆ, ಮಗ ಸೊಸೆಯ ಜೊತೆ ಇದ್ದಾರೆ. ಜಗಲಿ ಹತ್ತುವಾಗ ಮೆಟ್ಟಿಲ ಬದಿಯಲ್ಲಿ ನನ್ನ ಹೆಂಡತಿಯ ಚಪ್ಪಲಿ ಕಂಡಿತು. ಯಾರಿಗೋ ಏನೋ ಆಗಿದೆ ಎಂದುಕೊಂಡು ಜೋರಾಗಿಯೇ ಕರೆದೆ.

ಅತ್ತೆ ಓಡಿ ಬಂದು ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲ ಮಾತಾಡಿ. ಈಗಷ್ಟೇ ನಿದ್ದೆ ಬಂದದ್ದು ಅವಳಿಗೆ."

"ಎಂತ ಆಯ್ತು ಮಾಮಿ? ಹುಷಾರಿಲ್ವಾ?"

"ಹುಷಾರಿಗೆ ಎಂತ ಆಗಿಲ್ಲ. ಮಲಗ್ಲಿಕ್ಕೆ ಬರುವುದು. ನಿಮಗೆ ಗೊತ್ತುಂಟಲ್ಲ?"

ನನ್ನ ಮುಖ ನೋಡಿಯೇ ನನಗೆ ಗೊತ್ತಿಲ್ಲವೆಂದು ಅತ್ತೆಗೆ ತಿಳಿಯಿತು. ಅವರು ತಲೆ ತಗ್ಗಿಸಿ ಮೀನಿನ ಚೀಲ ತೆಗೆದುಕೊಂಡು ಒಳಗೆ ಹೋದರು. ಅವರು ಬೈದಿದ್ದರೆ ಸುಲಭವಿತ್ತು. ನನ್ನ ಪರವಾಗಿ ಅವರೇ ನಾಚಿಕೊಂಡದ್ದು ತಡೆಯಲಾಗಲಿಲ್ಲ.

ಅವಳು ಏಳುವವರೆಗೆ ಜಗಲಿಯಲ್ಲೇ ಕೂತೆ. ಭಾವಮೈದುನ ಬಂದು ಮಾತಾಡಿಸಿದ. ಅವನಿಗೂ ಗೊತ್ತಿರಬೇಕು, ಕ್ರಿಕೆಟ್ಟಿನ ವಿಷಯ ಬಿಟ್ಟು ಬೇರೇನೂ ಎತ್ತಲಿಲ್ಲ. ಡಬಲ್ ಡ್ಯೂಟಿ ಎಂಬುದು ಬರೀ ನೆಪವೆಂದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಎದ್ದು ಹೋಗೋಣವೆನಿಸಿದರೂ ಕೂತೇ ಇದ್ದೆ.

ಅವಳು ಕೂದಲು ಕಟ್ಟಿಕೊಳ್ಳುತ್ತಾ ಹೊರಗೆ ಬಂದು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

"ನನಗೆ ಹೇಳಬಹುದಿತ್ತಲ್ಲ" ಎಂದೆ.

"ಎಂತ ಹೇಳುವುದು? ನೀವು ಅಷ್ಟು ಆಸೆಯಿಂದ ಕಟ್ಟಿಸಿದ್ದು. ಮಲಗ್ಲಿಕ್ಕೆ ಆಗುವುದಿಲ್ಲ ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ." ಆಮೇಲೆ ಅಂದಳು, "ಬೇಸಿಗೆ ಶುರುವಿನಲ್ಲಿ ಒಮ್ಮೆ ಇಂಜೆಕ್ಷನ್ ಕೊಡುವಾಗ ಕೈ ನಡುಗಿತು. ನಿದ್ದೆ ಇಲ್ಲದೆ. ಹೆದರಿಕೆ ಆಯ್ತು ನನಗೆ."

ಮನೆಗೆ ಹೋಗುವ ದಾರಿಯಲ್ಲಿ ನಾನು, "ಆಯ್ತು, ನಾಳೆಯೇ ಶೀಟ್ ಹಾಕಿಸ್ತೇನೆ. ಹೇಗೆ ಕಂಡರೂ ಅಡ್ಡಿಯಿಲ್ಲ" ಎಂದೆ. ದೊಡ್ಡ ತ್ಯಾಗ ಮಾಡಿದವನ ಹಾಗೆ.

"ಬೇಡ" ಎಂದಳು. "ಮಳೆಗಾಲದಲ್ಲಿ ಶೀಟಿನ ಮೇಲೆ ಬಡಿಯುವ ಶಬ್ದಕ್ಕೆ ಮತ್ತೆ ನಿದ್ದೆ ಇಲ್ಲ. ನಮ್ಮ ಆಸ್ಪತ್ರೆಯ ಹಳೆ ಕಟ್ಟಡದ ತಾರಸಿಗೆ ಮಣ್ಣಿನ ಹೆಂಚು ಹಾಸಿದ್ದಾರೆ, ಒಳಗೆ ಟೊಳ್ಳು ಇರ್ತದಲ್ಲ, ಅದು. ಮೊದಲು ಆ ವಾರ್ಡಿನಲ್ಲಿ ಪೇಶಂಟುಗಳು ಬೆವರಿ ಚಾದರವೆಲ್ಲ ಒದ್ದೆ. ಈಗ ಹಾಗಿಲ್ಲ."

"ಅದನ್ನು ಯಾಕೆ ಮೊದಲೇ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ ಅಲ್ವಾ?"

ಕೋಪದಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ.

ಮರುದಿನ ಮೇಜಿನ ಮೇಲಿದ್ದ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿ ಹೊರಗಿಟ್ಟೆ. ಭಾರ ತಾಳುತ್ತದೆಯೇ ಎಂದು ಇಂಜಿನಿಯರರಿಂದ ನೋಡಿಸಿ, ಬಿರುಕು ಮುಚ್ಚಿಸಿ, ನೀರು ಇಳಿಯದ ಹಾಗೆ ಲೇಪನ ಹಾಕಿಸಿ, ಅದರ ಮೇಲೆ ಟೊಳ್ಳು ಹೆಂಚು ಹಾಸಿಸಿದೆವು. ಕಿಟಕಿ, ಬಾಗಿಲಿಗೆ ದಪ್ಪ ಪರದೆ ಬೇಕೆಂದಳು, ಅದೂ ಬಂತು. ಕೆಲಸ ಮುಗಿಯುವವರೆಗೆ ಅವಳು ತಾಯಿಯ ಮನೆಯಲ್ಲೇ ಮಲಗಿದಳು, ಈ ಸಲ ನನಗೆ ಹೇಳಿ. ಮಧ್ಯಾಹ್ನದ ಕೋಣೆ ತಂಪಾಗಿದೆ ಎನ್ನಲಾರೆ, ಇದು ಮಂಗಳೂರು. ಆದರೆ ಬರೀ ಫ್ಯಾನಿನ ಕೆಳಗೆ ಅವಳು ನಿದ್ದೆ ಮಾಡುತ್ತಾಳೆ. ಹೆಂಚಿನ ಸಂದಿನಲ್ಲಿ ಪಾಚಿ ಬೆಳೆಯುತ್ತದೆ, ವರ್ಷಕ್ಕೊಮ್ಮೆ ತಿಕ್ಕಬೇಕು. ಅದು ನನ್ನ ಕೆಲಸ.

ಮೊನ್ನೆ ಗೆಳೆಯರು ಬಂದಾಗ ಒಬ್ಬ ಕಾಲಲ್ಲಿ ಹೆಂಚು ತಟ್ಟಿ ನೋಡಿ, "ಒಳ್ಳೆ ಸೆಲೆಕ್ಷನ್ ಮಾರಾಯ. ನೀನು ಭಾರೀ ಸ್ಟಡಿ ಮಾಡಿದ್ದೆ ಅಲ್ವಾ?" ಎಂದ.

"ನಾನಲ್ಲ, ಇವಳು ಹೇಳಿದ್ದು" ಎಂದೆ.

ಹೆಂಡತಿಯನ್ನು ಹೊಗಳುವ ಗಂಡನ ಸೌಜನ್ಯ ಎಂದುಕೊಂಡು ಎಲ್ಲರೂ ನಕ್ಕರು. ಚಹಾದ ಲೋಟ ಕೊಡುತ್ತಿದ್ದ ಅವಳೂ ನಕ್ಕಳು. ನಾನು ಮಾತ್ರ ಅವಳ ಮುಖ ನೋಡಲಾರದೆ ಲೋಟ ತೆಗೆದುಕೊಂಡೆ.